ಬೆಂಗಳೂರಿನ ಚಳಿಗಾಲ, ಒಡೆಯುವ ಚರ್ಮ: ಆರೈಕೆಯನ್ನು ಬಚ್ಚಲಮನೆಯಿಂದ ಆರಂಭಿಸಿ

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಬಸವನಗುಡಿಯ ಕಡಲೆಕಾಯಿ ಪರಿಷೆಯ ಹೊತ್ತಿಗೆ ಬೆಂಗಳೂರಿನ ಮನೆಗಳಲ್ಲಿ ಎಣ್ಣೆಯ ಬಾಟಲಿ ಬೆಳಿಗ್ಗೆ ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತದೆ. ಹೆಚ್ಚೂಕಡಿಮೆ ಅದೇ ವಾರ ಮನೆಯ ಹಿರಿಯರು ಕಾಲು ಕೆರೆದುಕೊಳ್ಳಲು ಶುರುಮಾಡುತ್ತಾರೆ, ಮಕ್ಕಳ ಕೆನ್ನೆ ಒರಟಾಗುತ್ತದೆ, ಕಣಕಾಲಿನ ಮೇಲೆ ಉಗುರು ಎಳೆದರೆ ಬಿಳಿ ಗೆರೆ ಮೂಡುತ್ತದೆ. ಚರ್ಮದ ಆರೈಕೆ ಶುರುವಾಗಬೇಕಾದದ್ದು ಆಗ. ತುರಿಕೆ ಹೆಚ್ಚಾಗಿ, ಕೆರೆದು ಗಾಯವಾದ ಮೇಲೆ ಆರಂಭಿಸಿದರೆ ಅದೇ ಕೆಲಸಕ್ಕೆ ದುಪ್ಪಟ್ಟು ದಿನ ಹಿಡಿಯುತ್ತದೆ.

ನಮ್ಮೂರಿನ ಚಳಿ ತಾನಾಗಿಯೇ ಚರ್ಮವನ್ನು ಒಡೆಯುವಷ್ಟು ತೀಕ್ಷ್ಣವಾದದ್ದಲ್ಲ. 1884ರ ಜನವರಿ 13ರಂದು ದಾಖಲಾದ 7.8 ಡಿಗ್ರಿಯೇ ಬೆಂಗಳೂರು ಕಂಡ ಅತಿ ಕಡಿಮೆ ಉಷ್ಣಾಂಶ. ಸಾಮಾನ್ಯ ಜನವರಿಯಲ್ಲಿ ಬೆಳಗಿನ ಜಾವ 16 ಡಿಗ್ರಿಯ ಆಸುಪಾಸು ಇರುತ್ತದೆ, ಮಧ್ಯಾಹ್ನಕ್ಕೆ 27–28ಕ್ಕೆ ಏರುತ್ತದೆ. ಇಲ್ಲಿ ಚರ್ಮ ಹಾಳಾಗುವುದು ಬಹುಮಟ್ಟಿಗೆ ಚಳಿಯನ್ನು ಓಡಿಸಲು ನಾವೇ ಮಾಡುವ ಕೆಲಸಗಳಿಂದ: ಹೊಗೆಯಾಡುವ ನೀರಿನ ದೀರ್ಘ ಸ್ನಾನ, ಅದರ ಜೊತೆಗೆ ಎರಡೆರಡು ಸಲ ಸೋಪು, ಕಾಲ ಬುಡದಲ್ಲಿ ಬೆಂಕಿ. ಉಳಿದ ಪಾಲು ಮಧ್ಯಾಹ್ನದ ಒಣ ಗಾಳಿಯದು. ಅದಕ್ಕಾಗಿ ಕ್ರೀಮಿನ ಆಯ್ಕೆಗಿಂತ ಮೊದಲು ಸ್ನಾನದ ಕ್ರಮ ತಿದ್ದುವುದು ಮುಖ್ಯ. ಸ್ನಾನ ಬದಲಾಗದೆ ಎಷ್ಟು ದುಬಾರಿಯ ಕ್ರೀಮು ಹಚ್ಚಿದರೂ ಮರುದಿನ ಬೆಳಿಗ್ಗೆ ಅದು ನೀರಿನ ಜೊತೆ ಚರಂಡಿ ಸೇರುತ್ತದೆ.

ಮಂಜಿನ ಊರಿನಲ್ಲಿ ಗಾಳಿ ಒಣಗುವುದು ಹೇಗೆ?

ಡಿಸೆಂಬರಿನ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ನಡೆಯುವವರಿಗೆ ಹುಲ್ಲಿನ ಮೇಲಿನ ಇಬ್ಬನಿ ಕಾಣುತ್ತದೆ. ಗಾಳಿ ಒಣಗಿದೆ ಎಂದರೆ ಅವರು ನಂಬುವುದು ಕಷ್ಟ. ಲೆಕ್ಕ ಹೀಗಿದೆ. 15 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 13 ಗ್ರಾಂ ನೀರಾವಿಯನ್ನು ಹಿಡಿದಿಡುತ್ತದೆ. ಅದೇ ಗಾಳಿ ಮಧ್ಯಾಹ್ನ 28 ಡಿಗ್ರಿಗೆ ಕಾದಾಗ ಅದರ ಸಾಮರ್ಥ್ಯ ಸುಮಾರು 27 ಗ್ರಾಂ. ಗಾಳಿಯಲ್ಲಿರುವ ನೀರಾವಿ ಮಾತ್ರ ಬೆಳಿಗ್ಗೆ ಇದ್ದಷ್ಟೇ. ಬೆಳಿಗ್ಗೆ ಶೇ 90ರಷ್ಟಿದ್ದ ಆರ್ದ್ರತೆ ಮಧ್ಯಾಹ್ನದ ಹೊತ್ತಿಗೆ ಶೇ 40ರ ಸುಮಾರಿಗೆ ಇಳಿದಿರುತ್ತದೆ. ಕೊರತೆಯನ್ನು ಗಾಳಿ ಸಿಕ್ಕಲ್ಲಿಂದ ಹೀರಿಕೊಳ್ಳುತ್ತದೆ: ಒಗೆದು ಹರವಿದ ಬಟ್ಟೆಯಿಂದ, ಗಿಡದ ಕುಂಡದಿಂದ, ನಿಮ್ಮ ಮೊಣಕೈಯಿಂದ. ದಿನವಿಡೀ ಹವಾನಿಯಂತ್ರಿತ ಕಚೇರಿಯಲ್ಲಿ ಕೂರುವವರಿಗೂ, ಬೆಳಗಿನ ಚಳಿಗಾಳಿಗೆ ಮುಖವೊಡ್ಡಿ ಹೊರವರ್ತುಲ ರಸ್ತೆಯಲ್ಲಿ ಸ್ಕೂಟರ್ ಓಡಿಸುವವರಿಗೂ ಇದರ ಪೆಟ್ಟು ಇನ್ನಷ್ಟು ಜೋರು.

ಚರ್ಮದ ಅತಿ ಹೊರಗಿನ ಪದರ ಸತ್ತ ಜೀವಕೋಶಗಳದ್ದು. ಅವುಗಳ ನಡುವೆ ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳ ಜಿಡ್ಡು ತುಂಬಿರುತ್ತದೆ. ಒಳಗಿನ ನೀರು ಆವಿಯಾಗದಂತೆ ತಡೆಯುವುದು ಈ ಜಿಡ್ಡು. ಅದು ತೊಳೆದುಹೋದರೆ ನೀರು ಹೊರಗೆ ಹೋಗುತ್ತದೆ, ಪದರ ಸೆಟೆದು ಬಿರಿಯುತ್ತದೆ, ಬಿರುಕಿನಿಂದ ಸೋಪು, ಧೂಳು, ಉಣ್ಣೆಯ ಎಳೆ ಒಳಗಿನ ನರತುದಿಗಳನ್ನು ತಾಕಿ ತುರಿಕೆ ಏಳುತ್ತದೆ. ಕಣಕಾಲಿನಲ್ಲಿ ಎಣ್ಣೆ ಸ್ರವಿಸುವ ಗ್ರಂಥಿಗಳು ತೀರಾ ಕಡಿಮೆ. ಚಳಿಗಾಲದ ಒಣತನ ಮೊದಲು ಕಾಣಿಸಿಕೊಳ್ಳುವುದು ಅಲ್ಲಿ. ಮುಖದಲ್ಲಿ ಎಣ್ಣೆ ಜಿನುಗುವವರ ಕಾಲೂ ಒಡೆಯುವುದು ಇದೇ ಕಾರಣಕ್ಕೆ. ವಯಸ್ಸಾದಂತೆ ಈ ಜಿಡ್ಡಿನ ಉತ್ಪಾದನೆ ಎಲ್ಲೆಡೆಯೂ ಕುಗ್ಗುತ್ತದೆ.

ಹೆಜ್ಜೆ 1: ನೀರಿನ ಬಿಸಿ ಇಳಿಸಿ

ಜಿಡ್ಡುಗಟ್ಟಿದ ಬಾಣಲೆ ತಣ್ಣೀರಿಗೆ ಜಗ್ಗುವುದಿಲ್ಲ, ಬಿಸಿನೀರು ಸುರಿದರೆ ಸಲೀಸಾಗಿ ಬಿಡುತ್ತದೆ. ಚರ್ಮದ ಜಿಡ್ಡೂ ಹಾಗೆಯೇ. ಸ್ನಾನದ ನೀರು ಮೈಯ ಬಿಸಿಗಿಂತ ತುಸುವೇ ಹೆಚ್ಚು, ಅಂದರೆ 37ರಿಂದ 39 ಡಿಗ್ರಿಯೊಳಗೆ ಇದ್ದರೆ ಸಾಕು. ಅಳೆಯುವ ಸಾಧನ ಬೇಕಿಲ್ಲ. ಬಕೆಟ್ಟಿಗೆ ಮೊಣಕೈ ಅದ್ದಿ ನೋಡಿ. ಬೆಚ್ಚಗೆ ಅನ್ನಿಸಬೇಕು, ಚುರುಕು ಮುಟ್ಟಬಾರದು. ಸ್ನಾನ ಮುಗಿದ ಮೇಲೂ ಬೆನ್ನು, ಭುಜ ಚುರುಚುರು ಎನ್ನುತ್ತಿದ್ದರೆ ನೀರು ಅತಿಯಾಯಿತು ಎಂದು ತಿಳಿಯಿರಿ.

ತಾರಸಿಯ ಮೇಲೆ ಸೋಲಾರ್ ಹೀಟರ್ ಇರುವ ಮನೆಗಳಲ್ಲಿ ಹೆಚ್ಚು ಎಚ್ಚರ ಬೇಕು. ಚಳಿಗಾಲದಲ್ಲಿ ನಮ್ಮಲ್ಲಿ ಆಕಾಶ ತಿಳಿಯಾಗಿರುತ್ತದೆ, ದಿನವಿಡೀ ಕಾದ ನೀರು ಸಂಜೆ ಕೈಯಿಡಲಾಗದಷ್ಟು ಸುಡುತ್ತದೆ. ಮೊದಲು ತಣ್ಣೀರು ಹಿಡಿದು, ಅದಕ್ಕೆ ಬಿಸಿನೀರು ಬೆರೆಸುವ ರೂಢಿ ಮಾಡಿಕೊಳ್ಳಿ. ಮಕ್ಕಳು ಸುಟ್ಟುಕೊಳ್ಳುವ ಅಪಾಯವೂ ಇದರಿಂದ ತಪ್ಪುತ್ತದೆ. ಥರ್ಮೋಸ್ಟಾಟ್ ಇರುವ ಗೀಸರ್ ಆದರೆ ಗುಂಡಿಯನ್ನು ಒಂದೆರಡು ಗೆರೆ ಕೆಳಗೆ ತಿರುಗಿಸಿಡಿ.

ಸ್ನಾನ ಐದರಿಂದ ಹತ್ತು ನಿಮಿಷದೊಳಗೆ ಮುಗಿಯಲಿ. ಈ ವಿಷಯದಲ್ಲಿ ಬಕೆಟ್ಟು ಮತ್ತು ಚೊಂಬು ಷವರಿಗಿಂತ ಉತ್ತಮ, ಏಕೆಂದರೆ ಬಕೆಟ್ಟು ಬರಿದಾದಾಗ ಸ್ನಾನವೂ ಮುಗಿಯುತ್ತದೆ.

ಜನ ಬಿಸಿನೀರು ಬಯಸುವುದು ನೀರಿನ ಆಸೆಗಲ್ಲ, ಬಚ್ಚಲಮನೆ ತಣ್ಣಗಿರುವುದರಿಂದ. ಹಾಗಾಗಿ ಕಿಟಕಿ ಮುಚ್ಚಿ, ನೆಲಕ್ಕೆ ಮೊದಲು ಒಂದು ಚೊಂಬು ಬಿಸಿನೀರು ಸುರಿದು, ಟವೆಲು ಮತ್ತು ಬಟ್ಟೆಯನ್ನು ಕೈಗೆಟುಕುವಲ್ಲಿ ಇಟ್ಟುಕೊಂಡು ಶುರುಮಾಡಿ. ಮನೆಯಲ್ಲಿಯೇ ಇರುವ ಹಿರಿಯರು ಬೆಳಿಗ್ಗೆ ಐದಕ್ಕೆ ಸ್ನಾನ ಮಾಡಲೇಬೇಕೆಂದಿಲ್ಲ. ಧನುರ್ಮಾಸದ ಪೂಜೆಯ ನಿಯಮ ಇದ್ದವರ ಮಾತು ಬೇರೆ. ಉಳಿದವರು ಬಿಸಿಲೇರಿದ ಮೇಲೆ, ಹನ್ನೊಂದರ ಸುಮಾರಿಗೆ ಸ್ನಾನ ಮಾಡಿದರೆ ಬೆಚ್ಚಗಿನ ನೀರೇ ಹಿತವಾಗಿರುತ್ತದೆ.

ತುರಿಸುವ ಜಾಗಕ್ಕೆ ಸುಡುವ ನೀರು ಹೊಯ್ದುಕೊಳ್ಳುವ ಅಭ್ಯಾಸ ಹಲವರಿಗಿದೆ. ಆ ಕ್ಷಣಕ್ಕೆ ಹಾಯೆನಿಸುವುದು ನಿಜ. ಅರ್ಧ ಗಂಟೆಯೊಳಗೆ ತುರಿಕೆ ಹೆಚ್ಚಾಗಿ ಮರಳುವುದೂ ನಿಜ. ಅಲ್ಲಿ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಐದು ನಿಮಿಷ ಇಟ್ಟು, ಕೂಡಲೇ ಕ್ರೀಮು ಹಚ್ಚಿ.

ಹೆಜ್ಜೆ 2: ಸೋಪಿನ ಹೊದಿಕೆಯನ್ನು ಓದಿ

ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯ. ಆಮ್ಲ, ಕ್ಷಾರವನ್ನು ಅಳೆಯುವ ಪಿಎಚ್ (7ಕ್ಕಿಂತ ಕಡಿಮೆಯಿದ್ದರೆ ಆಮ್ಲ, ಹೆಚ್ಚಿದ್ದರೆ ಕ್ಷಾರ) ಅಲ್ಲಿ ಸುಮಾರು 5. ಎಣ್ಣೆ ಮತ್ತು ಕ್ಷಾರದಿಂದ ಮಾಡಿದ ಸಾಂಪ್ರದಾಯಿಕ ಸೋಪಿನ ಪಿಎಚ್ 9ರಿಂದ 10. ಅದು ಯಾವ ಕಂಪನಿಯದೇ ಆಗಿರಲಿ, ಶ್ರೀಗಂಧದ ಪರಿಮಳವಿರಲಿ ಬೇವಿನದಿರಲಿ, ಸೋಪಿನ ಗುಣವೇ ಕ್ಷಾರ. ಹೊದಿಕೆಯ ಹಿಂಭಾಗದಲ್ಲಿ ಟಿಎಫ್‌ಎಂ ಎಂಬ ಅಂಕಿ ಇರುತ್ತದೆ. ಅದು ಸೋಪಿನಲ್ಲಿರುವ ಒಟ್ಟು ಕೊಬ್ಬಿನ ಅಂಶ. ಶೇ 76 ಅಥವಾ ಹೆಚ್ಚಿದ್ದರೆ ಮೊದಲ ದರ್ಜೆ. ಆದರೆ ಆ ಅಂಕಿ ಹೆಚ್ಚಿದೆ ಎಂದ ಮಾತ್ರಕ್ಕೆ ಸೋಪು ಆಮ್ಲೀಯವಾಗುವುದಿಲ್ಲ.

ಒಣ ಚರ್ಮದವರು ಹುಡುಕಬೇಕಾದದ್ದು ಸಿಂಡೆಟ್ ಎಂಬ, ಸೋಪಿನಷ್ಟು ಕ್ಷಾರವಿಲ್ಲದ ಕೃತಕ ಮಾರ್ಜಕದ ಬಗೆಯನ್ನು. ನೋಡಲು ಸೋಪಿನಂತೆಯೇ ಇರುತ್ತದೆ. ಘಟಕಗಳ ಪಟ್ಟಿಯಲ್ಲಿ ಮೊದಲಿಗೆ ಸೋಡಿಯಂ ಪಾಮಿಟೇಟ್, ಸೋಡಿಯಂ ಪಾಮ್ ಕರ್ನಲೇಟ್ ಎಂದಿದ್ದರೆ ಅದು ಸಾಮಾನ್ಯ ಸೋಪು. ಸೋಡಿಯಂ ಕೊಕಾಯಿಲ್ ಐಸೆಥಿಯೋನೇಟ್ ಎಂದಿದ್ದರೆ ಸಿಂಡೆಟ್. ನೊರೆ ಕಡಿಮೆ ಬರುತ್ತದೆ, ತೊಳೆದ ಮೇಲೂ ಮೈ ಸ್ವಲ್ಪ ಜಾರಿದಂತೆ ಇರುತ್ತದೆ. ಕೊಳೆ ಹೋಗಿಲ್ಲವೆಂದು ಮತ್ತೆ ಉಜ್ಜಬೇಡಿ. ತೊಳೆದಾಗ ಕಿರುಗುಟ್ಟುವ ಚರ್ಮ ಶುದ್ಧವಾಯಿತು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ವಾಸ್ತವದಲ್ಲಿ ಅದು ಜಿಡ್ಡು ಪೂರ್ತಿ ಹೋಗಿರುವ ಲಕ್ಷಣ.

ಬೇರೆ ಸೋಪು ಕೊಳ್ಳಲಾಗದಿದ್ದರೂ ಚಿಂತೆಯಿಲ್ಲ. ಚಳಿಗಾಲದಲ್ಲಿ ಸೋಪನ್ನು ಕಂಕುಳು, ತೊಡೆಸಂದು, ಪಾದಗಳಿಗೆ ಮಾತ್ರ ಬಳಸಿ, ಕೈಕಾಲುಗಳಿಗೆ ಬರೀ ನೀರು ಹಾಕಿದರೆ ಅರ್ಧ ತೊಂದರೆ ಅಲ್ಲಿಗೇ ತಗ್ಗುತ್ತದೆ. ಬೆವರು, ಧೂಳಿನ ಕೆಲಸ ಮಾಡುವವರು ದಿನಕ್ಕೊಮ್ಮೆ ಕೈಕಾಲಿಗೂ ತೆಳುವಾಗಿ ಹಚ್ಚಿ ಬೇಗ ತೊಳೆಯಲಿ. ತೆಂಗಿನ ನಾರು, ಪ್ಲಾಸ್ಟಿಕ್ ಉಜ್ಜುಗ, ಮೈಯುಜ್ಜುವ ಕಲ್ಲು ಇವೆಲ್ಲ ಮೇ ತಿಂಗಳವರೆಗೆ ಮೂಲೆಯಲ್ಲಿರಲಿ.

ಬೆಂಗಳೂರಿನಲ್ಲಿ ಸೋಪಿನ ಜೊತೆ ನೀರಿನ ಪ್ರಶ್ನೆಯೂ ಇದೆ. ಕಾವೇರಿ ನೀರಿನಲ್ಲಿ ಸೋಪು ಬೇಗ ನೊರೆಯಾಗುತ್ತದೆ. ಕೊಳವೆಬಾವಿಯ ಅಥವಾ ಟ್ಯಾಂಕರಿನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನೊಂದಿಗೆ ಸೇರಿ ಕರಗದ ಬಿಳಿ ಗಸಿಯಾಗುತ್ತದೆ. ಬಕೆಟ್ಟಿನ ಒಳಗೋಡೆಗೆ ಅಂಟುವ ಆ ಗಸಿ ನಿಮ್ಮ ಚರ್ಮಕ್ಕೂ ಅಂಟುತ್ತದೆ, ನೊರೆ ಬರಲಿಲ್ಲವೆಂದು ನೀವು ಇನ್ನಷ್ಟು ಸೋಪು ಉಜ್ಜುತ್ತೀರಿ. ಸಿಂಡೆಟ್ ಗಡಸು ನೀರಿನಲ್ಲಿ ಹೀಗೆ ಗಸಿಯಾಗುವುದಿಲ್ಲ. ಮನೆಗೆ ಎರಡೂ ನೀರು ಬರುವುದಾದರೆ ಕೊನೆಯ ಎರಡು ಚೊಂಬನ್ನು ಕಾವೇರಿ ನೀರಿನಲ್ಲಿ ಸುರಿದುಕೊಳ್ಳಿ. ನೀರು ಮೆದುಗೊಳಿಸುವ ಯಂತ್ರ ಹಾಕಿಸಿದರೆ ಎಸ್ಜಿಮಾ (ಚರ್ಮ ಒಣಗಿ, ಕೆಂಪಾಗಿ ತುರಿಸುವ ಕಾಯಿಲೆ) ವಾಸಿಯಾಗುತ್ತದೆಂದು ಯಾರಾದರೂ ಹೇಳಿದರೆ ಅದಕ್ಕಾಗಿ ಸಾಲ ಮಾಡಬೇಡಿ. ಇಂಗ್ಲೆಂಡಿನಲ್ಲಿ ಎಸ್ಜಿಮಾ ಇರುವ ಮಕ್ಕಳ ಮನೆಗಳಲ್ಲಿ ಇಂಥ ಯಂತ್ರ ಹಾಕಿ ಪರೀಕ್ಷಿಸಿದಾಗ ಸಾಮಾನ್ಯ ಚಿಕಿತ್ಸೆಗಿಂತ ಹೆಚ್ಚಿನ ಪ್ರಯೋಜನ ಕಂಡುಬರಲಿಲ್ಲ.

ಹೆಜ್ಜೆ 3: ಒದ್ದೆ ಆರುವ ಮುನ್ನ ಹಚ್ಚಿ

ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ. ಮೈ ಇನ್ನೂ ತುಸು ತೇವವಾಗಿರುವಾಗಲೇ, ಮೂರು ನಿಮಿಷದೊಳಗೆ, ಬಚ್ಚಲಮನೆಯಲ್ಲಿಯೇ ನಿಂತು ಹಚ್ಚಿಕೊಳ್ಳಿ. ಸ್ನಾನದಲ್ಲಿ ಹೊರಪದರ ಹೀರಿಕೊಂಡ ನೀರು ಹಾರಿಹೋಗದಂತೆ ಮುಚ್ಚುವುದೇ ಮಾಯಿಶ್ಚರೈಸರಿನ ಕೆಲಸ. ಬಟ್ಟೆ ತೊಟ್ಟು, ತಿಂಡಿ ತಿಂದು, ಕಚೇರಿಗೆ ಹೊರಡುವಾಗ ಒಣಗಿದ ಕಾಲಿಗೆ ಹಚ್ಚಿದರೆ ಅದೇ ಕ್ರೀಮು ಅರ್ಧ ಕೆಲಸವನ್ನೂ ಮಾಡುವುದಿಲ್ಲ. ಕೂದಲಿನ ದಿಕ್ಕಿನಲ್ಲಿ, ಮೇಲಿನಿಂದ ಕೆಳಕ್ಕೆ ಸವರಿ. ಎದುರುದಿಕ್ಕಿನಲ್ಲಿ ತಿಕ್ಕಿದರೆ ಕೂದಲಿನ ಬುಡದಲ್ಲಿ ಗುಳ್ಳೆಗಳೇಳಬಹುದು.

ಹೆಜ್ಜೆ 4: ಯಾವುದನ್ನು, ಎಷ್ಟು?

ಮೂರು ಬಗೆಯ ಪದಾರ್ಥಗಳಿವೆ. ಗ್ಲಿಸರಿನ್, ಯೂರಿಯಾ ನೀರನ್ನು ಹಿಡಿದಿಡುತ್ತವೆ. ಸೆರಮೈಡ್ ಮತ್ತು ಹಲವು ಎಣ್ಣೆಗಳು ಬಿರುಕು ತುಂಬಿ ನುಣುಪಾಗಿಸುತ್ತವೆ. ಪೆಟ್ರೋಲಿಯಂ ಜೆಲ್ಲಿ, ಪ್ಯಾರಫಿನ್ ಮೇಲಿನಿಂದ ಮುಚ್ಚುತ್ತವೆ. ಒಳ್ಳೆಯ ಕ್ರೀಮಿನಲ್ಲಿ ಮೂರೂ ಇರುತ್ತವೆ. ಲೋಷನ್‌ನಲ್ಲಿ ನೀರಿನ ಪಾಲು ಹೆಚ್ಚು. ಚಳಿಗಾಲಕ್ಕೆ ಕ್ರೀಮು, ತೀರಾ ಒಡೆದ ಚರ್ಮಕ್ಕೆ ಮುಲಾಮು ಸೂಕ್ತ. ಪರಿಮಳವಿಲ್ಲದ್ದನ್ನೇ ಆರಿಸಿ. ಒಡೆದ ಚರ್ಮದಲ್ಲಿ ಅಲರ್ಜಿ ಹುಟ್ಟಿಸುವ ಮುಖ್ಯ ಕಾರಣಗಳಲ್ಲಿ ಪರಿಮಳದ ರಾಸಾಯನಿಕವೂ ಒಂದು. ಹೊಸದನ್ನು ಮೊದಲು ಮೊಣಕೈ ಒಳಭಾಗದ ಸಣ್ಣ ಜಾಗಕ್ಕೆ ನಾಲ್ಕೈದು ದಿನ ಹಚ್ಚಿ ನೋಡಿ.

ನನ್ನ ಮೆಚ್ಚುಗೆ ಪೆಟ್ರೋಲಿಯಂ ಜೆಲ್ಲಿಗೆ. 1872ರಲ್ಲಿ ಅಮೆರಿಕದ ರಾಬರ್ಟ್ ಚೀಸ್‌ಬ್ರೋ ಪೇಟೆಂಟ್ ಪಡೆದ ಈ ಸಾದಾ ಪದಾರ್ಥದಷ್ಟು ಚೆನ್ನಾಗಿ ನೀರಿನ ಸೋರಿಕೆಯನ್ನು ತಡೆಯುವ ವಸ್ತು ಇಂದಿಗೂ ವಿರಳ, ಬೆಲೆಯೂ ಎಲ್ಲರ ಕೈಗೆಟುಕುವಂಥದ್ದು. ಅಂಟಂಟು ಎನ್ನುವವರು ತೇವದ ಮೈಗೆ ತೀರಾ ತೆಳುವಾಗಿ ಸವರಿ ನೋಡಲಿ. ಮೊಡವೆ ಬರುವ ಮುಖಕ್ಕೆ ಮಾತ್ರ ಹಗುರವಾದ, ಎಣ್ಣೆರಹಿತ ಕ್ರೀಮು ಇರಲಿ.

ಮನೆಯ ಎಣ್ಣೆಗಳಲ್ಲಿ ಕೊಬ್ಬರಿ ಎಣ್ಣೆ ಒಣ ಚರ್ಮಕ್ಕೆ ಒಳ್ಳೆಯದು. ಹೆಪ್ಪುಗಟ್ಟಿದ್ದರೆ ಬಾಟಲಿಯನ್ನು ಬಿಸಿನೀರಿನ ಚೊಂಬಿನಲ್ಲಿ ಇಟ್ಟರೆ ಸಾಕು, ಒಲೆಯ ಮೇಲಿಡಬೇಡಿ. ಸೂರ್ಯಕಾಂತಿ ಎಣ್ಣೆಯೂ ಚರ್ಮದ ಪದರಕ್ಕೆ ಹೊಂದುತ್ತದೆ. ಆಲಿವ್ ಎಣ್ಣೆಯಲ್ಲಿ ಓಲಿಕ್ ಆಮ್ಲದ ಪಾಲು ಹೆಚ್ಚು, ಅದು ಹೊರಪದರದ ಜಿಡ್ಡಿನ ಜೋಡಣೆಯನ್ನು ಕದಡುತ್ತದೆ. ಸಾಸಿವೆ ಎಣ್ಣೆ ಉರಿ ತರಬಲ್ಲದು. ಹಸುಗೂಸಿಗಂತೂ ಬೇಡವೇ ಬೇಡ. ಗ್ಲಿಸರಿನ್ನನ್ನು ನೇರವಾಗಿ ಒಣ ಚರ್ಮಕ್ಕೆ ಬಳಿದುಕೊಳ್ಳಬೇಡಿ. ಪನ್ನೀರಿನಲ್ಲಿ ಬೆರೆಸಿ ತೇವದ ಮೈಗೆ ಹಚ್ಚಿ, ಮೇಲೆ ಒಂದು ಪದರ ಎಣ್ಣೆ ಅಥವಾ ಜೆಲ್ಲಿ ಸವರಿ. ನಿಂಬೆರಸ, ಅಡುಗೆ ಸೋಡಾ, ಟೂತ್‌ಪೇಸ್ಟ್ ಯಾವ ರೂಪದಲ್ಲೂ ಬೇಡ. ನಿಂಬೆರಸ ತಾಗಿದ ಚರ್ಮ ಬಿಸಿಲಿಗೆ ಸುಟ್ಟು ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುವುದುಂಟು.

ಅಳತೆಯಲ್ಲಿ ಎಲ್ಲರೂ ಜಿಪುಣರು. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಅದು ಎರಡು ಅಂಗೈಯಷ್ಟು ಜಾಗಕ್ಕೆ ಸಾಲುತ್ತದೆ. ವಯಸ್ಕರ ಇಡೀ ಮೈಗೆ ಒಮ್ಮೆ ಹಚ್ಚಲು ಸುಮಾರು 20 ಗ್ರಾಂ ಬೇಕು. ಅಂದರೆ ದಿನಕ್ಕೊಮ್ಮೆ ಹಚ್ಚಿದರೂ 50 ಗ್ರಾಂ ಟ್ಯೂಬು ಎರಡೂವರೆ ದಿನಕ್ಕೆ ಮುಗಿಯಬೇಕು! ನಿಮ್ಮ ಮನೆಯಲ್ಲಿ ಅದು ಎರಡು ತಿಂಗಳು ಬರುತ್ತಿದ್ದರೆ ಕ್ರೀಮಿನ ಗುಣವನ್ನು ದೂರುವಂತಿಲ್ಲ. ಚಿಕ್ಕ ಟ್ಯೂಬಿಗೆ ಕೊಡುವ ಹಣದಲ್ಲಿ ದೊಡ್ಡ ಡಬ್ಬಿಯ ಸಾದಾ ಕ್ರೀಮು ಕೊಂಡು, ದಿನಕ್ಕೆರಡು ಸಲ ಧಾರಾಳವಾಗಿ ಹಚ್ಚಿ.

ಪ್ಯಾರಫಿನ್ ಮುಲಾಮು ಅಥವಾ ಎಣ್ಣೆ ನೆನೆದ ಬಟ್ಟೆಗೆ ಬೆಂಕಿ ಬೇಗ ಹೊತ್ತಿಕೊಳ್ಳುತ್ತದೆ. ಕೈಗೆ, ಸೀರೆಯ ಸೆರಗಿಗೆ ಅಂಟಿಸಿಕೊಂಡು ಒಲೆಯ ಮುಂದೆ, ಕಾರ್ತಿಕ ದೀಪದ ಸಾಲಿನ ಮುಂದೆ ನಿಲ್ಲಬೇಡಿ.

ಅಭ್ಯಂಜನದ ಬಗ್ಗೆ ಒಂದು ಮಾತು

ನರಕ ಚತುರ್ದಶಿಯ ಎಣ್ಣೆ ಸ್ನಾನ ಬಿಡಿ ಎಂದು ನಾನು ಹೇಳುವುದಿಲ್ಲ. ಮನೆಯ ಹಿರಿಯರ ಕೈಯಿಂದ ನೆತ್ತಿಗೆ ಎಣ್ಣೆ ಬೀಳುವ ಆ ಬೆಳಗು ಹಬ್ಬದ ಜೀವಾಳ. ತೊಡಕಿರುವುದು ಆಮೇಲಿನ ಕೆಲಸದಲ್ಲಿ: ಹಚ್ಚಿದ ಎಣ್ಣೆ ಒಂದಿಷ್ಟೂ ಉಳಿಯಬಾರದೆಂದು ಹಂಡೆಯ ಸುಡುನೀರು, ಸೀಗೆಪುಡಿ, ಕಡಲೆಹಿಟ್ಟು ಹಾಕಿ ತಿಕ್ಕುತ್ತೇವೆ, ಆಗ ಎಣ್ಣೆಯ ಜೊತೆ ಚರ್ಮದ ಸ್ವಂತ ಜಿಡ್ಡೂ ಹೋಗುತ್ತದೆ. ಸೀಗೆಪುಡಿ ತಲೆಗೆ ಮಾತ್ರ ಇರಲಿ. ಮೈಗೆ ನುಣ್ಣನೆಯ ಹೆಸರುಹಿಟ್ಟನ್ನು ನೀರಾಗಿ ಕಲಸಿ, ಉಜ್ಜದೆ ಸವರಿ ತೊಳೆಯಿರಿ. ಸ್ವಲ್ಪ ಎಣ್ಣೆ ಉಳಿಯಲಿ ಬಿಡಿ. ಎಣ್ಣೆ ಬಿದ್ದ ನೆಲ ಜಾರುತ್ತದೆ, ವಯಸ್ಸಾದವರನ್ನು ಕೈಹಿಡಿದು ಕರೆತನ್ನಿ.

ತಲೆಹೊಟ್ಟು ಇದ್ದವರು ಮಾತ್ರ ಬೇರೆ ದಾರಿ ಹಿಡಿಯಬೇಕು. ಅದನ್ನು ಒಣತನ ಎಂದುಕೊಂಡು ರಾತ್ರಿಯೆಲ್ಲ ಎಣ್ಣೆ ಬಿಡುವವರೇ ಹೆಚ್ಚು. ತಲೆಹೊಟ್ಟಿನ ಹಿಂದಿರುವ ಮಲಸೇಜಿಯಾ ಎಂಬ ಶಿಲೀಂಧ್ರ ಬದುಕುವುದೇ ಕೊಬ್ಬಿನಾಮ್ಲ ತಿಂದು. ಕೀಟೋಕೊನಜೋಲ್ ಶೇ 2ರ ಶಾಂಪೂವನ್ನು ವಾರಕ್ಕೆರಡು ಸಲ ಹಚ್ಚಿ, ಮೂರರಿಂದ ಐದು ನಿಮಿಷ ಬಿಟ್ಟು ತೊಳೆದರೆ ಎರಡರಿಂದ ನಾಲ್ಕು ವಾರದಲ್ಲಿ ವ್ಯತ್ಯಾಸ ಕಾಣುತ್ತದೆ.

ಕೈ, ಹಿಮ್ಮಡಿ, ತುಟಿ

ಮೂರು ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಂಗಸರ ಕೈಯನ್ನು ಜನವರಿಯಲ್ಲಿ ಒಮ್ಮೆ ನೋಡಿ. ಬೆರಳಿನ ಗೆಣ್ಣುಗಳ ಮೇಲೆ ಅಡ್ಡಡ್ಡ ಸೀಳು, ಹೆಬ್ಬೆರಳಿನ ತುದಿ ಒರಟಾಗಿ ಬಿರಿದು ಕೆಂಪು ಕಾಣುತ್ತಿರುತ್ತದೆ, ಬಳೆಯ ಕೆಳಗೂ ಉಂಗುರದ ಕೆಳಗೂ ತುರಿಕೆ. ತಣ್ಣೀರು, ಪಾತ್ರೆ ಸೋಪು, ಉಕ್ಕಿನ ನಾರು ಮೂರೂ ಸೇರಿದ ಫಲ ಇದು. ಕೃಷ್ಣರಾಜ ಮಾರುಕಟ್ಟೆಯಲ್ಲಿ ಬೆಳಗಿನ ಜಾವ ನೀರು ಚಿಮುಕಿಸಿದ ಹೂವು ಕಟ್ಟುವವರಿಗೂ ಇದೇ ಪಾಡು. ನಿಮ್ಮ ಮನೆಯ ಸಿಂಕಿನ ಬಳಿ ಒಂದು ಡಬ್ಬಿ ಪೆಟ್ರೋಲಿಯಂ ಜೆಲ್ಲಿ, ಒಂದು ಒಣ ಬಟ್ಟೆ, ಸರಿಯಾದ ಅಳತೆಯ ರಬ್ಬರ್ ಕೈಗವಸು ಇಡಿ. ತೊಳೆಯಲು ಬೆಚ್ಚಗಿನ ನೀರು ಕೊಡಿ. ಕೈಗವಸಿನ ಒಳಗೆ ತೆಳುವಾದ ಹತ್ತಿಯ ಗವಸು ಹಾಕಿಕೊಂಡರೆ ಬೆವರಿನ ತುರಿಕೆ ಇರುವುದಿಲ್ಲ. ಉಂಗುರ ತೆಗೆದಿಟ್ಟು ಕೆಲಸ ಮಾಡಲಿ, ಅದರಡಿ ಸೋಪು ನಿಲ್ಲುತ್ತದೆ. ಮನೆಕೆಲಸಕ್ಕೆ ಬರುವವರ ಕೈ ನಮ್ಮ ಹೊಣೆಯೂ ಹೌದು.

ಹಿಮ್ಮಡಿಗೆ ರಾತ್ರಿಯೇ ಸರಿಯಾದ ಹೊತ್ತು. ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಪಾದ ಇಟ್ಟು, ಮೆತ್ತಗಾದ ದಪ್ಪ ಚರ್ಮವನ್ನು ಉಜ್ಜುಗಲ್ಲಿನಿಂದ ಹಗುರವಾಗಿ ಸವೆಸಿ. ಒರೆಸಿ, ಯೂರಿಯಾ ಶೇ 10ರಿಂದ 25ರವರೆಗೆ ಇರುವ ಕ್ರೀಮು ಹಚ್ಚಿ, ಹತ್ತಿಯ ಕಾಲುಚೀಲ ಹಾಕಿ ಮಲಗಿ. ಬಿರುಕಿನಲ್ಲಿ ರಕ್ತ ಜಿನುಗುತ್ತಿದ್ದರೆ ಯೂರಿಯಾ ಉರಿಯುತ್ತದೆ, ಅದು ಮುಚ್ಚುವವರೆಗೆ ಜೆಲ್ಲಿ ಮಾತ್ರ. ಬ್ಲೇಡು ಮುಟ್ಟಿಸಬೇಡಿ. ಹಿಂಭಾಗ ತೆರೆದ ಚಪ್ಪಲಿಯಲ್ಲಿ ಹಿಮ್ಮಡಿ ಅಗಲಕ್ಕೆ ಹಿಗ್ಗಿ ಇನ್ನಷ್ಟು ಸೀಳುತ್ತದೆ. ಸಕ್ಕರೆ ಕಾಯಿಲೆ ಇರುವವರು ನೆನೆಸುವುದನ್ನೂ ಉಜ್ಜುವುದನ್ನೂ ಬಿಟ್ಟು, ಕ್ರೀಮನ್ನು ಬೆರಳುಸಂದಿಗೆ ತಾಗಿಸದೆ ಹಚ್ಚಲಿ, ಪ್ರತಿ ರಾತ್ರಿ ಬೆಳಕಿನಲ್ಲಿ ಪಾದ ನೋಡಿಕೊಳ್ಳಲಿ. ನೋವು ತಿಳಿಯದ ಪಾದದ ಬಿರುಕಿನಿಂದ ಸೋಂಕು ಮೂಳೆಯವರೆಗೂ ಇಳಿಯಬಲ್ಲದು.

ತುಟಿಗೆ ಜೆಲ್ಲಿ ಅಥವಾ ಮನೆಯ ತುಪ್ಪ ಸಾಕು. ನಾಲಿಗೆಯಿಂದ ಸವರಿಕೊಳ್ಳುವುದನ್ನು ನಿಲ್ಲಿಸಿ. ಬಾಯಿಯ ಎರಡೂ ಮೂಲೆ ಸೀಳಿ ವಾರಗಟ್ಟಲೆ ಮಾಯದಿದ್ದರೆ ಅದು ಚಳಿಯದಲ್ಲ; ಶಿಲೀಂಧ್ರದ ಸೋಂಕು, ಕಬ್ಬಿಣ ಅಥವಾ ಬಿ ಜೀವಸತ್ವದ ಕೊರತೆ ಇರಬಹುದು.

ಬಿಸಿಲು, ಬೆಂಕಿ, ಸ್ವೆಟರ್

ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ವರ್ಷದ ಅತಿ ಚಿಕ್ಕ ಹಗಲಿನ ನಡುಮಧ್ಯಾಹ್ನವೂ ಇಲ್ಲಿ ಸೂರ್ಯ ದಿಗಂತದಿಂದ ಸುಮಾರು 53 ಡಿಗ್ರಿ ಮೇಲಿರುತ್ತಾನೆ. ಹವೆ ತಂಪಾಗಿದೆ ಎಂದು ಹನ್ನೊಂದರಿಂದ ಎರಡರವರೆಗೆ ಬಿಸಿಲಲ್ಲಿ ಕೂತರೆ ಕೆನ್ನೆಯ ಕಪ್ಪು ಹೆಚ್ಚುತ್ತದೆ. ಬಿಸಿಲು ಕಾಯಿಸುವುದು ಬೆಳಿಗ್ಗೆಯೇ ಆಗಲಿ. ಹೊರಗೆ ಓಡಾಡುವವರು ಮಾಯಿಶ್ಚರೈಸರಿನ ಮೇಲೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚಲಿ.

ಬಡಾವಣೆಗಳಲ್ಲಿ ಒಣಗಿದ ಎಲೆ, ರಟ್ಟು ಸುಟ್ಟು ಕಾಲು ಕಾಯಿಸುವ ರಾತ್ರಿ ಕಾವಲುಗಾರರ ಕಣಕಾಲಿನ ಮೇಲೆ ಕೆಲವೊಮ್ಮೆ ಕಂದು ಬಣ್ಣದ ಬಲೆಯಂಥ ಗುರುತು ಕಾಣುತ್ತದೆ. ಕೊಳೆಯಲ್ಲ, ತೊಳೆದರೆ ಹೋಗುವುದಿಲ್ಲ. ಸುಡುವಷ್ಟು ಬಿಸಿ ಇಲ್ಲದಿದ್ದರೂ ದಿನದಿನವೂ ತಗಲುವ ಕಾವಿನಿಂದ ಚರ್ಮಕ್ಕಾಗುವ ಹಾನಿ ಅದು. ಬಿಸಿನೀರಿನ ಚೀಲವನ್ನು ಸೊಂಟಕ್ಕಿಟ್ಟು ಮಲಗುವವರಿಗೂ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೆಲಸ ಮಾಡುವವರಿಗೂ ಬರುತ್ತದೆ. ನಿಮ್ಮ ಕಟ್ಟಡದ ಕಾವಲುಗಾರರಿಗೆ ದಪ್ಪ ಕಾಲುಚೀಲ, ಕಂಬಳಿ, ಗಾಳಿ ಬೀಸದ ಕೋಣೆ ಒದಗಿಸಿದರೆ ಬೆಂಕಿಯೇ ಬೇಕಾಗುವುದಿಲ್ಲ.

ಉಣ್ಣೆ ನೇರವಾಗಿ ಮೈಗೆ ತಾಗದಂತೆ ಒಳಗೆ ಹತ್ತಿಯ ಅಂಗಿ ಇರಲಿ. ವರ್ಷವಿಡೀ ಬೀರುವಿನಲ್ಲಿದ್ದ ಸ್ವೆಟರನ್ನು ಒಗೆದು ಬಿಸಿಲಿಗೆ ಹಾಕಿಯೇ ತೊಡಿ. ನುಸಿಗುಳಿಗೆಯ ವಾಸನೆ ಅಂಟಿದ ಬಟ್ಟೆಯನ್ನು ಎಳೆಮಗುವಿಗೆ ಹೊದಿಸಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಅದರ ನ್ಯಾಫ್ತಲೀನ್ ರಕ್ತಕಣಗಳನ್ನು ಒಡೆಯುತ್ತದೆ.

ನೀರು ಕುಡಿಯುವುದರಿಂದ ಚರ್ಮದ ಒಣತನ ಹೋಗುತ್ತದೆ ಎಂಬ ಮಾತನ್ನು ಹೆಚ್ಚು ನಂಬಿಕೊಳ್ಳಬೇಡಿ. ಬಾಯಾರಿಕೆಗೆ ತಕ್ಕಷ್ಟು ಕುಡಿಯಿರಿ. ಹೊರಪದರದ ನೀರು ಹೊರಗಿನಿಂದಲೇ ಉಳಿಯಬೇಕು.

ಚಳಿಯ ತುರಿಕೆ ಅಲ್ಲದ ತುರಿಕೆ

ಸ್ನಾನ ತಿದ್ದಿ, ಎರಡು ವಾರ ಧಾರಾಳವಾಗಿ ಕ್ರೀಮು ಹಚ್ಚಿದರೂ ಗುಣ ಕಾಣದಿದ್ದರೆ ಕಾರಣ ಬೇರೆಯೇ ಇರಬಹುದು. ತುರಿಕೆ ರಾತ್ರಿ ಹೆಚ್ಚಾಗಿ, ಬೆರಳುಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ಗುಳ್ಳೆಗಳಿದ್ದು, ಮನೆಯಲ್ಲಿ ಇನ್ನೊಬ್ಬರಿಗೂ ಶುರುವಾಗಿದ್ದರೆ ಕಜ್ಜಿ ಇರಬೇಕು. ಒಬ್ಬರಿಗೆ ಮದ್ದು ಹಚ್ಚಿದರೆ ಸಾಲದು, ಮನೆಮಂದಿಯೆಲ್ಲ ಒಂದೇ ದಿನ ಹಚ್ಚಬೇಕು. ಅಂಚು ಉಬ್ಬಿದ ದುಂಡು ಮಚ್ಚೆ ದೊಡ್ಡದಾಗುತ್ತಾ ಹೋದರೆ ಹುಳುಕಡ್ಡಿ. ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ದಪ್ಪಗೆ ಕಪ್ಪಾಗಿ ತುರಿಸುತ್ತಿದ್ದರೆ, ಮನೆಯ ಪಕ್ಕದ ಖಾಲಿ ನಿವೇಶನದಲ್ಲಿ ಬಿಳಿ ಹೂವಿನ ಪಾರ್ಥೇನಿಯಂ ಬೆಳೆದಿದೆಯೇ ನೋಡಿ. ಗಾಳಿಯಲ್ಲಿ ತೇಲುವ ಅದರ ಪುಡಿಯಿಂದ ಬರುವ ಅಲರ್ಜಿ ಬೆಂಗಳೂರಿನ ಚರ್ಮವೈದ್ಯರಿಗೆ ಬಹಳ ಪರಿಚಿತ.

ಮಕ್ಕಳ ಕೆನ್ನೆಯ ಮೇಲೆ ಮಸುಕಾದ ಬಿಳಿ ಮಚ್ಚೆ ಕಂಡರೆ ತಾಯಂದಿರು ತೊನ್ನೆಂದು ಹೆದರುತ್ತಾರೆ, ಇಲ್ಲವೇ ಹೊಟ್ಟೆಯ ಹುಳ ಎನ್ನುತ್ತಾರೆ. ಅಂಚು ಸ್ಪಷ್ಟವಿಲ್ಲದೆ, ಸಣ್ಣ ಹುರುಪೆಯಿರುವ ಅಂಥ ಮಚ್ಚೆ ಸಾಮಾನ್ಯವಾಗಿ ಸೌಮ್ಯ ಎಸ್ಜಿಮಾ. ಮಾಯಿಶ್ಚರೈಸರಿನಿಂದ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಆದರೆ ಮಸುಕಾದ ಅಥವಾ ಕೆಂಪಾದ ಮಚ್ಚೆಯ ಮೇಲೆ ಸ್ಪರ್ಶ ತಿಳಿಯದಿದ್ದರೆ, ಅಲ್ಲಿ ಬೆವರು ಬಾರದೆ ಒಣಗಿದ್ದರೆ, ಮುಜುಗರಪಡದೆ ಕುಷ್ಠದ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಉಚಿತ, ಬೇಗ ಹಿಡಿದರೆ ಪೂರ್ತಿ ಗುಣವಾಗುತ್ತದೆ. ಹಿರಿಯರಿಗೆ ಚರ್ಮದ ಮೇಲೆ ಏನೂ ಕಾಣದೆ ಮೈಯೆಲ್ಲ ತುರಿಸುತ್ತಿದ್ದರೆ ಥೈರಾಯ್ಡ್, ಮೂತ್ರಪಿಂಡ, ಯಕೃತ್ತು, ಸಕ್ಕರೆಯ ಪರೀಕ್ಷೆ ಬೇಕಾಗಬಹುದು. ಕಾಲು ಕೆಂಪಾಗಿ ಊದಿ ಜ್ವರ ಬಂದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ವಿಕ್ಟೋರಿಯಾ, ಬೌರಿಂಗ್‌ನಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ.

ಔಷಧಿ ಅಂಗಡಿಯಲ್ಲಿ ತುರಿಕೆಗೆ ಏನಾದರೂ ಕೊಡಿ ಎಂದು ಕೇಳುವುದು ಮಾತ್ರ ದಯವಿಟ್ಟು ನಿಲ್ಲಿಸಿ. ಕೈಗೆ ಬರುವ ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೀಟಾಮೆಥಾಸೋನ್, ಮೊಮೆಟಸೋನ್ ಎಂಬ ಹೆಸರುಗಳಿದ್ದರೆ ಅದು ಸ್ಟೆರಾಯ್ಡ್. ವೈದ್ಯರು ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಅದು ಒಳ್ಳೆಯ ಮದ್ದು. ಹುಳುಕಡ್ಡಿಗೆ ಹಚ್ಚಿದರೆ ಮೊದಲು ತುರಿಕೆ ನಿಂತು, ಆಮೇಲೆ ಅದು ಹರಡಿ ಮೊಂಡಾಗುತ್ತದೆ. ಮುಖಕ್ಕೆ ಬೆಳ್ಳಗಾಗಲೆಂದು ಹಚ್ಚಿದರೆ ಚರ್ಮ ತೆಳುವಾಗಿ ಕೆಂಪು ರಕ್ತನಾಳಗಳು ಕಾಣಲಾರಂಭಿಸುತ್ತವೆ.

ಯಾವಾಗ ನಿಲ್ಲಿಸಬೇಕು?

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟುಹೋಗುತ್ತದೆ ಎನ್ನುತ್ತಾರೆ, ಸ್ವೆಟರಿನ ಜೊತೆ ಕ್ರೀಮಿನ ಡಬ್ಬಿಯನ್ನೂ ಎತ್ತಿಡುತ್ತಾರೆ. ಬೆಂಗಳೂರಿನಲ್ಲಿ ಗಾಳಿ ಅತಿ ಹೆಚ್ಚು ಒಣಗುವುದು ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ; ಆಗ ಮಧ್ಯಾಹ್ನದ ಆರ್ದ್ರತೆ ಜನವರಿಗಿಂತಲೂ ಕೆಳಗಿಳಿಯುತ್ತದೆ. ಬಿಸಿನೀರಿನ ಆಸೆ ತಾನಾಗಿ ಕಡಿಮೆಯಾಗುವುದರಿಂದ ಮುಲಾಮನ್ನು ಬಿಟ್ಟು ತೆಳುವಾದ ಲೋಷನ್‌ಗೆ ಬದಲಾಯಿಸಿಕೊಳ್ಳಿ, ಆದರೆ ಏಪ್ರಿಲಿನಲ್ಲಿ ಮಾವಿನ ಮಳೆ ಬಿದ್ದು ಗಾಳಿ ತೇವಗೊಳ್ಳುವವರೆಗೆ ದಿನಕ್ಕೊಮ್ಮೆಯಾದರೂ, ಸ್ನಾನವಾದ ಕೂಡಲೇ, ಕಣಕಾಲು ಮತ್ತು ಮುಂಗೈಗೆ ಹಚ್ಚುವುದನ್ನು ತಪ್ಪಿಸಬೇಡಿ.